ದೂರದ ಗ್ಯಾಲಕ್ಸಿಗಳ ಸರ್ವೆ ಮಾಡುವುದು ಹೇಗೆ? ಸಿಕ್ಕಿದ ಬೆಳಕು ಯಾವ ರೇಖೆಯದು ಅಂತ ಮೊದಲು ನೋಡಿ

ಗ್ಯಾಲಕ್ಸಿಯಲ್ಲಿ ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ಸುತ್ತಲಿನ ಹೈಡ್ರೋಜನ್ ಅನಿಲಕ್ಕೆ ಅಲ್ಟ್ರಾವಯಲೆಟ್ ಬೆಳಕು ಸುರಿಯುತ್ತವೆ. ಆ ಅನಿಲ 656.3 ನ್ಯಾನೋಮೀಟರಿನಲ್ಲಿ ಜೋರಾಗಿ ಹೊಳೆಯುತ್ತದೆ. ಇದೇ ಎಚ್-ಆಲ್ಫಾ ರೇಖೆ. ರೇಖೆ ಜೋರಾಗಿದ್ದಷ್ಟೂ ನಕ್ಷತ್ರಗಳ ಹುಟ್ಟು ಜಾಸ್ತಿ. ಬೇರೆ ಬೇರೆ ಕಾಲದ ಗ್ಯಾಲಕ್ಸಿಗಳಲ್ಲಿ ಇದನ್ನು ಅಳೆದರೆ ಅವು ಹೇಗೆ ಬೆಳೆದವು ಅನ್ನುವ ಇತಿಹಾಸವೇ ಸಿಗುತ್ತದೆ.

ಹವಾಯಿಯ ಮೌನಾ ಕೇಯಾದಲ್ಲಿರುವ 3.8 ಮೀಟರ್ ಕನ್ನಡಿಯ ಯುಕರ್ಟ್ ದೂರದರ್ಶಕದಿಂದ ನಡೆದ ಹೈಜೆಲ್ಸ್ ಸರ್ವೆ ಇದಕ್ಕೆ ಒಳ್ಳೆಯ ಮಾದರಿ. ಅದರ ಕ್ಯಾಟಲಾಗ್ ಎಲ್ಲರಿಗೂ ಸಿಗುತ್ತದೆ. ಇಂಥ ಡೇಟಾ ಹಿಡಿದು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಚಿತ್ರ, ಗ್ರಾಫ್ ಎಲ್ಲ ಚೆನ್ನಾಗಿರುತ್ತದೆ, ಆದರೆ ಮೂರನೇ ಹಂತದಲ್ಲಿ ಆತುರಪಟ್ಟು ಇಡೀ ಕೆಲಸ ಹಾಳು ಮಾಡಿಕೊಳ್ಳುತ್ತಾರೆ.

ಹಂತ 1: ಒಂದೇ ಜಾಗದ ಎರಡು ಚಿತ್ರ ತೆಗೆದುಕೊಳ್ಳಿ. ಒಂದು ಅಗಲವಾದ ಕೆ ಫಿಲ್ಟರಿನದು (ಇನ್‌ಫ್ರಾರೆಡ್ ಬೆಳಕಿನ ದೊಡ್ಡ ಪಟ್ಟಿಯನ್ನೇ ಒಳಗೆ ಬಿಡುವಂಥದ್ದು), ಇನ್ನೊಂದು 2.12 ಮೈಕ್ರಾನ್ (2120 ನ್ಯಾನೋಮೀಟರ್) ಹತ್ತಿರದ ಕಿರಿದಾದ ಫಿಲ್ಟರಿನದು. ದೂರದ ಗ್ಯಾಲಕ್ಸಿಯ ಬೆಳಕು ನಮ್ಮವರೆಗೆ ಬರುವಷ್ಟರಲ್ಲಿ ಹಿಗ್ಗಿರುತ್ತದೆ, ಇದೇ ರೆಡ್‌ಶಿಫ್ಟ್. ರೆಡ್‌ಶಿಫ್ಟ್ 2.23 ಇದ್ದರೆ, ಅಂದರೆ ತರಂಗಾಂತರ 3.23 ಪಟ್ಟಾಗಿದ್ದರೆ, ಎಚ್-ಆಲ್ಫಾ ಸರಿಯಾಗಿ 2.12 ಮೈಕ್ರಾನಿಗೆ ಬಂದು ಬೀಳುತ್ತದೆ. ಅದು ಸಾವಿರ ಕೋಟಿ ವರ್ಷಕ್ಕೂ ಹಿಂದಿನ ಬೆಳಕು.

ಹಂತ 2: ಕಿರಿದಾದ ಫಿಲ್ಟರಿನಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿ. ಇಲ್ಲಿ ಒಂದು ಎಚ್ಚರಿಕೆ. 2.12 ಅನ್ನುವುದು ಕೆ ಫಿಲ್ಟರಿನ ನಟ್ಟನಡುವೆ ಇಲ್ಲ, ಹಾಗಾಗಿ ಗ್ಯಾಲಕ್ಸಿಯ ಬಣ್ಣವೇ ಸುಳ್ಳು ಹೊಳಪು ತೋರಿಸಬಹುದು. ಎಚ್ ಫಿಲ್ಟರ್ (ಇದೂ ಇನ್‌ಫ್ರಾರೆಡ್ ಫಿಲ್ಟರೇ, ಎಚ್-ಆಲ್ಫಾ ಅಲ್ಲ) ಮತ್ತು ಕೆ ಫಿಲ್ಟರಿನ ಚಿತ್ರಗಳ ವ್ಯತ್ಯಾಸ ನೋಡಿ ಅದನ್ನು ಸರಿಪಡಿಸಿ. ಚಿತ್ರದಲ್ಲಿ ಜೋರಾಗಿ ಹೊಳೆಯುವ ನಕ್ಷತ್ರಗಳ ಸುತ್ತ ಮೂಡುವ ಸುಳ್ಳು ಚುಕ್ಕೆಗಳನ್ನು ಮುಲಾಜಿಲ್ಲದೆ ಮಾಸ್ಕ್ ಮಾಡಿ, ಅಂದರೆ ಲೆಕ್ಕದಿಂದ ಮರೆಮಾಡಿ.

ಹಂತ 3: ಇದು ಯಾವ ರೇಖೆ? ಇಲ್ಲೇ ನಿಲ್ಲಿ, ಓಡಬೇಡಿ. ಫಿಲ್ಟರಿಗೆ ಗೊತ್ತಿರುವುದು 2.12 ಮಾತ್ರ. ಆ ಬೆಳಕು ಎಲ್ಲಿ ಹುಟ್ಟಿತು ಅಂತ ಅದು ಹೇಳುವುದಿಲ್ಲ. ರೆಡ್‌ಶಿಫ್ಟ್ 0.13ರ ಹತ್ತಿರದ ಗ್ಯಾಲಕ್ಸಿಯ ಪಾಶನ್-ಆಲ್ಫಾ ರೇಖೆಯೂ (ಇದೂ ಹೈಡ್ರೋಜನ್ನಿನದೇ) ಅಲ್ಲೇ ಬೀಳುತ್ತದೆ, 0.65ರ ಪಾಶನ್-ಬೀಟಾವೂ ಅಲ್ಲೇ, 3.24ರ ಆಕ್ಸಿಜನ್ ರೇಖೆಯೂ ಅಲ್ಲೇ. ಬಸ್ ಸ್ಟ್ಯಾಂಡಿನಲ್ಲಿ ಒಂದೇ ಪ್ಲಾಟ್‌ಫಾರ್ಮಿಗೆ ನಾಲ್ಕು ಊರಿನ ಬಸ್ ಬಂದ ಹಾಗೆ, ಬೋರ್ಡ್ ಓದದೆ ಹತ್ತಿದರೆ ಊರೇ ತಪ್ಪುತ್ತದೆ. ಹತ್ತಿರದ ಚಿಕ್ಕ ಗ್ಯಾಲಕ್ಸಿಯನ್ನು ದೂರದ್ದು ಅಂದುಕೊಂಡರೆ ಅದರ ಹೊಳಪಿನ ಲೆಕ್ಕ ನೂರಾರು ಪಟ್ಟು ಉಬ್ಬುತ್ತದೆ. ಪಟ್ಟಿಯಲ್ಲಿ ಇಂಥವು ಕೆಲವೇ ಸೇರಿಕೊಂಡರೂ ಸಾಕು, ಗ್ರಾಫಿನ ಪ್ರಕಾಶಮಾನ ತುದಿ ಪೂರ್ತಿ ಸುಳ್ಳಾಗುತ್ತದೆ.

ಸುಮ್ನೆ ರೆಡಿಮೇಡ್ ಕ್ಯಾಟಲಾಗಿನ ಅಂದಾಜು ರೆಡ್‌ಶಿಫ್ಟ್ ಎತ್ತಿ ಹಾಕುವುದು ಬಹಳ ಜನ ಹಿಡಿಯುವ ಅಡ್ಡದಾರಿ. ಆ ಅಂದಾಜು ಮಾಡುವ ಮಾದರಿಗಳಲ್ಲಿ ಎಮಿಷನ್ ಲೈನ್‌ಗಳನ್ನೇ (ಎಚ್-ಆಲ್ಫಾದಂಥ ಹೊಳೆಯುವ ರೇಖೆಗಳನ್ನೇ) ಸೇರಿಸದಿದ್ದರೆ ಅದು ಎಡವುವುದು ನಾವು ಹುಡುಕುವ ಗ್ಯಾಲಕ್ಸಿಗಳಲ್ಲೇ. ಅಂಥ ಕ್ಯಾಟಲಾಗನ್ನು ಕಣ್ಣುಮುಚ್ಚಿ ಬಳಸಲೇಬೇಡಿ. ಅದರ ಜೊತೆಗೆ ಬಿ (ನೀಲಿ), ಜಡ್ (ಕೆಂಪಿನ ಆಚೆಯದು), ಕೆ ಫಿಲ್ಟರುಗಳ ಬಣ್ಣ ಹೋಲಿಸಿ. ಸುಮಾರು 1.4ರಿಂದ 2.5ರವರೆಗಿನ ರೆಡ್‌ಶಿಫ್ಟಿನವು ಅದರಲ್ಲಿ ಬೇರೆಯಾಗಿ ಎದ್ದು ಕಾಣುತ್ತವೆ. 3ರ ಆಚೆಯವು ಯು (ಅಲ್ಟ್ರಾವಯಲೆಟ್) ಫಿಲ್ಟರಿನಲ್ಲಿ ಹೆಚ್ಚೂಕಡಿಮೆ ಮಾಯವಾಗುತ್ತವೆ, ಅವನ್ನು ಹಾಗೆ ಹಿಡಿದು ತೆಗೆಯಿರಿ.

ನನ್ನನ್ನು ಕೇಳಿದರೆ, ಎರಡು ಕಿರಿದಾದ ಫಿಲ್ಟರ್ ಇರುವ ವಿಧಾನಕ್ಕೆ ಸಮ ಇನ್ನೊಂದಿಲ್ಲ. ರೆಡ್‌ಶಿಫ್ಟ್ 1.47ರಲ್ಲಿ ಎಚ್-ಆಲ್ಫಾ 1.617 ಮೈಕ್ರಾನಿನ ಫಿಲ್ಟರಿಗೆ ಬಿದ್ದರೆ, ಅದೇ ಗ್ಯಾಲಕ್ಸಿಯ ಒಂದು ಆಕ್ಸಿಜನ್ ರೇಖೆ (ಮೇಲೆ ಹೇಳಿದ್ದಲ್ಲ, ಬೇರೆಯದು) ಸುಬಾರು ದೂರದರ್ಶಕದ ಎನ್‌ಬಿ921 ಎಂಬ ಕಿರಿದಾದ ಫಿಲ್ಟರಿಗೆ ಬೀಳುತ್ತದೆ. ಎರಡರಲ್ಲೂ ಹೊಳೆಯಿತಾ? ಹಾಗಾದರೆ ಅದು 1.47ರದ್ದೇ, ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಮಗೆ ಆಯ್ಕೆ ಇದ್ದರೆ ಇಂಥ ಜೋಡಿ ಇರುವ ರೆಡ್‌ಶಿಫ್ಟನ್ನೇ ಆರಿಸಿ. ಸಂಖ್ಯೆ ಕಡಿಮೆ ಸಿಕ್ಕರೂ ಪರವಾಗಿಲ್ಲ, ಪಟ್ಟಿ ಶುದ್ಧವಾಗಿರುತ್ತದೆ, ಅದು ಮುಖ್ಯ ಅಲ್ವಾ?

ಹಂತ 4: ಕಳೆಯುವುದನ್ನು ಕಳೆಯಿರಿ. ಎಚ್-ಆಲ್ಫಾ ಪಕ್ಕದಲ್ಲೇ ಇರುವ ನೈಟ್ರೋಜನ್ ರೇಖೆಗಳೂ ಅದೇ ಫಿಲ್ಟರಿನೊಳಗೆ ನುಸುಳುತ್ತವೆ. ನಡುವಿನ ದೊಡ್ಡ ಕಪ್ಪುಕುಳಿಯಿಂದ ಹೊಳೆಯುವವನ್ನು ಚಂದ್ರ ಎಂಬ ಹೆಸರಿನ ಎಕ್ಸ್‌ರೇ ದೂರದರ್ಶಕದ ಡೇಟಾ ನೋಡಿ ಬೇರೆ ಮಾಡಿ. ಇನ್ನು ಧೂಳು, ಅದು ಬೆಳಕನ್ನು ಮಂಕು ಮಾಡುತ್ತದೆ. ಎಲ್ಲಕ್ಕೂ ಒಂದು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸುಮಾರು ಎರಡೂವರೆ ಪಟ್ಟು) ಸೇರಿಸಿ ಮುಗಿಸುವ ರೂಢಿ ಇದೆ. ಮೊದಲ ಲೆಕ್ಕಕ್ಕೆ ಸರಿ, ಆದರೆ ದೊಡ್ಡ ಗ್ಯಾಲಕ್ಸಿಗಳಲ್ಲಿ ಧೂಳು ಜಾಸ್ತಿ ಅನ್ನುವುದನ್ನು ಮರೆಯಬೇಡಿ.

ಹಂತ 5: ಎಣಿಸಿ. ಎಷ್ಟು ಹೊಳಪಿನವು ಎಷ್ಟು ಜಾಗದಲ್ಲಿ ಎಷ್ಟಿವೆ ಅನ್ನುವ ಗ್ರಾಫ್ ಹಾಕಿ. ಫಿಲ್ಟರ್ ನಿಜವಾಗಿ ಚೌಕಾಕಾರದ ಪೆಟ್ಟಿಗೆಯಲ್ಲ. ಅಂಚಿನಲ್ಲಿ ಬಿದ್ದ ಪ್ರಬಲ ರೇಖೆ ಮಂಕಾಗಿ ಕಾಣುತ್ತದೆ, ಆ ತಿದ್ದುಪಡಿಯನ್ನೂ ಮಾಡಬೇಕು. ಹೈಜೆಲ್ಸ್ ತಂಡ ಇದನ್ನೆಲ್ಲ ಮಾಡಿ 0.4, 0.84, 1.47, 2.23 ಎಂಬ ನಾಲ್ಕು ರೆಡ್‌ಶಿಫ್ಟ್‌ಗಳನ್ನು ಒಂದೇ ರೀತಿಯಲ್ಲಿ ಅಳೆಯಿತು. 2.23ರ ಕಾಲದಿಂದ ಇವತ್ತಿನವರೆಗೆ ಸಾಮಾನ್ಯ ಗ್ಯಾಲಕ್ಸಿಯೊಂದರ ನಕ್ಷತ್ರ ಹುಟ್ಟಿಸುವ ವೇಗ ಸುಮಾರು ಹತ್ತು ಪಟ್ಟು ಇಳಿದಿದೆ ಅಂತ ಗೊತ್ತಾಗಿದ್ದು ಹೀಗೆ.

ಗ್ಯಾಲಕ್ಸಿಗಳು ಆಕಾಶದಲ್ಲಿ ಸಮನಾಗಿ ಹರಡಿಲ್ಲ, ಗುಂಪುಗುಂಪಾಗಿವೆ. ಹಾಗಾಗಿ ಸರ್ವೆಗೆ ಆರಿಸಿದ ಆಕಾಶದ ತುಂಡುಗಳಲ್ಲಿ ಎರಡು ಚದರ ಡಿಗ್ರಿಯ ಕಾಸ್ಮಾಸ್ ಕ್ಷೇತ್ರ ಒಂದನ್ನೇ ನೋಡಿ ಮುಗಿಸಬೇಡಿ. ಬೇರೆ ದಿಕ್ಕಿನ ಯುಡಿಎಸ್ ಕ್ಷೇತ್ರವನ್ನೂ ಸೇರಿಸಿ, ಮತ್ತು ಎರಡರ ಎಣಿಕೆಯನ್ನೂ ಬೇರೆ ಬೇರೆಯಾಗಿಯೇ ತೋರಿಸಿ.