ಫೋ ತಿನ್ನಲು ಪಂಚಾಂಗ ಬೇಕು: ನನ್ನ ಅನುಭವ

"ವಿಯೆಟ್ನಾಮಿನವರ ಅಂಗಡಿಯಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಸಿಗೋದು ಐಸ್ ನೀರು ಮಾತ್ರ" ಅಂತ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬರು ಹೇಳಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಪಂಚಾಂಗ ನೋಡಿಕೊಂಡು ಫೋ (ಬಿಸಿ ಸಾರಿನಲ್ಲಿ ಅಕ್ಕಿ ಪಟ್ಟಿ ಹಾಕಿದ ಅವರ ಊಟ) ತಿನ್ನಲು ಹೋಗುತ್ತೇನೆ ಅಂದಾಗ ಇನ್ನೂ ಜೋರಾಗಿ ನಕ್ಕರು. ಹೋದ ತಿಂಗಳು ಅದೇ ಮನುಷ್ಯ ಫೋನ್ ಮಾಡಿ, "ಮೇಡಂ, ಇವತ್ತೇ ಹೋಗ್ಬೇಕಾ, ನಾಳೆ ಹೋದ್ರೆ ನಡೆಯುತ್ತಾ?" ಅಂತ ಕೇಳಿದರು. ಸರಿ, ಇನ್ನು ಬರೆದೇ ಬಿಡೋಣ ಅನ್ನಿಸಿತು.

ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಅಲ್ಲಿಂದ ಸ್ಯಾನ್ ಹೋಸೆಯ ಸ್ಟೋರಿ ರಸ್ತೆ, ಟಲ್ಲಿ ರಸ್ತೆ ಕಡೆಗೆ 25 ನಿಮಿಷ, ಸಂಜೆ ಹೊರಟರೆ 50. ವಿಯೆಟ್ನಾಂ ಬಿಟ್ಟರೆ ಆ ಜನ ಇಷ್ಟೊಂದು ಇರುವ ಊರು ಇನ್ನೊಂದಿಲ್ಲ, 1 ಲಕ್ಷಕ್ಕೂ ಜಾಸ್ತಿ. 1975ರಲ್ಲಿ ಸೈಗಾನ್ ಬಿದ್ದ ಮೇಲೆ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಅಂಗಡಿಗಳು ನಡೆಯುವುದೂ ಅವರ ರುಚಿ, ಅವರ ಹಬ್ಬ, ಅವರ ಉಪವಾಸ ನೋಡಿಕೊಂಡೇ. ಈ ಮಾತು ನನ್ನ ತಲೆಗೆ ಹೋಗಲು ನಾಲ್ಕು ವರ್ಷ ಬೇಕಾಯಿತು.

ಬಾನ್ ಮಿ ಅಂದರೆ ಉದ್ದ ಬ್ರೆಡ್ ಸೀಳಿ ಒಳಗೆ ತುಂಬಿಕೊಡುವ ಅವರ ಸ್ಯಾಂಡ್‌ವಿಚ್. ಫೋ, ಬಾನ್ ಮಿ ಬಗ್ಗೆ ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಇದನ್ನು ಓದುವವರು ಒಮ್ಮೆಯಾದರೂ ಅಂಥ ಅಂಗಡಿಯ ಬಾಗಿಲವರೆಗೆ ಹೋಗಿ, ಮೆನು ನೋಡಿ, ವಾಪಸ್ ಬಂದವರೇ ಇರುತ್ತೀರಿ.

ಮೊದಲ ಸೋಲು ಫೋ ರಾವ್. ಹೆಸರು ಕೇಳಿದರೆ ನಮ್ಮ ಕಡೆಯ ರಾಯರ ಹಾಗಿದೆ. ಮೇಲೆ ಬ್ರೊಕೋಲಿ, ಕ್ಯಾರೆಟ್, ಹುರಿದ ತೋಫು, ಅಂದರೆ ಸೋಯಾ ಪನೀರ್. ಒಂದೂವರೆ ವರ್ಷ ಖುಷಿಯಾಗಿ ತಿಂದೆ. ಆಗ ಬಟ್ಟಲಿಗೆ 8 ಡಾಲರ್ ಆಸುಪಾಸು. ಮೂವತ್ತು ಬಟ್ಟಲು ಅಂತಿಟ್ಟುಕೊಂಡರೂ ಹತ್ತಿರ ಹತ್ತಿರ 250 ಡಾಲರ್ ಆಯಿತು. ಒಂದು ದಿನ ಸಾರು ಸ್ವಲ್ಪ ತಣ್ಣಗಾದಾಗ ಅಂಚಿನಲ್ಲಿ ಬೆಳ್ಳಗೆ ಒಂದು ಪದರ ಕಟ್ಟಿದ್ದು ಕಂಡಿತು. ಬ್ರೊಕೋಲಿ ಬೇಯಿಸಿದ ನೀರು ಹಾಗೆ ಕಟ್ಟುವುದಿಲ್ಲ ಅಲ್ವಾ. ಕೇಳಿದೆ. "ವೆಜಿಟೆಬಲ್, ಯೆಸ್. ಸೂಪ್, ಬೀಫ್" ಅಂದ ಆ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ. ರಾವ್ ಅಂದರೆ ತರಕಾರಿ, ಅಷ್ಟೇ. ತರಕಾರಿ ಮೇಲೆ ಇರುತ್ತದೆ, ಮೂಳೆ ಕೆಳಗೆ ಕುದಿಯುತ್ತದೆ. ಮನೆಗೆ ಬಂದು ಮೂರು ದಿನ ಯಾರ ಹತ್ತಿರವೂ ಹೇಳಲಿಲ್ಲ.

ಎರಡನೆಯದು ಬಾನ್ ಮಿ. ತೋಫು ಬಾನ್ ಮಿ ಅಂತ ಕೇಳಿದೆ, ಕೊಟ್ಟರು, ಅರ್ಧ ತಿಂದೆ. ಬ್ರೆಡ್ಡಿನ ಒಳಗೋಡೆಗೆ ಕಂದು ಬಣ್ಣದ ತೆಳು ಲೇಪ. ಅದು ಪಾಟೆ, ಅಂದರೆ ಯಕೃತ್ತನ್ನು ಅರೆದು ಮಾಡಿದ್ದು. ಕೌಂಟರಿನ ಹೆಂಗಸು ದಿನಕ್ಕೆ ಐನೂರು ಬ್ರೆಡ್ ಸೀಳುತ್ತಾಳೋ ಏನೋ, ಕೈ ತಾನಾಗಿಯೇ ಸವರಿಬಿಟ್ಟಿದೆ. ಆ ಅಂಗಡಿಗೆ ಮತ್ತೆ ಹೋಗಲಿಲ್ಲ, ಹೆಸರೂ ಬರೆಯುವುದಿಲ್ಲ.

ನಮಗೆ ಬೇಕಾದ ಪದ ಚಾಯ್. ಕುಡಿಯುವ ಚಾಯ್ ಅಲ್ಲ. ಸಸ್ಯಾಹಾರಕ್ಕೆ ಅವರ ಪದವೇ ಅದು. ಸ್ವರ ಏರಬಾರದು, ಇಳಿಯಬಾರದು, ನೀರು ನಿಂತ ಹಾಗೆ ಸಮವಾಗಿರಬೇಕು. ಏರಿಸಿದರೆ ಸುಟ್ಟಿದ್ದು ಅಂತ ಅರ್ಥ, ಕೆಳಗೆ ಒತ್ತಿದರೆ ಓಡು ಅಂತ. ನಾನು ಆರು ತಿಂಗಳು "ನಾನು ಓಡುತ್ತೇನೆ, ನಾನು ಓಡುತ್ತೇನೆ" ಅಂತಲೇ ಹೇಳುತ್ತಿದ್ದೆನಂತೆ. ನಾನು ಹೋಗುವ ಫೋ ಅಂಗಡಿಯ ಅಕ್ಕ ಆಮೇಲೆ ನಗುತ್ತಾ ಹೇಳಿದಳು.

ಚಾಯ್ ಅಂದರೆ ಅವರಿಗೆ ಗೊತ್ತು, ಆದರೆ ದಿನವೂ ಇರುವುದಿಲ್ಲ. ಮೂಳೆ ಸಾರಿನ ದೊಡ್ಡ ಹಂಡೆ ಯಾವಾಗಲೂ ಒಲೆ ಮೇಲೆ. ಒಬ್ಬಳು ಬಂದಳು ಅಂತ ಇನ್ನೊಂದು ಹಂಡೆ ಯಾರು ಇಡುತ್ತಾರೆ? ಒಂದು ಶುಕ್ರವಾರ ಮಾತ್ರ ಅಂಗಡಿಯ ತುಂಬ ಜನ. ಬೂದು ಬಣ್ಣದ ನಿಲುವಂಗಿ ತೊಟ್ಟ ವಯಸ್ಸಾದ ಹೆಂಗಸರು, ದೇವಸ್ಥಾನದಿಂದ ನೇರ ಬಂದವರು. ಕೌಂಟರಿಗೆ ಕೈಬರಹದ ಚೀಟಿ ಅಂಟಿಸಿದ್ದರು, ಸಾಲುಸಾಲಾಗಿ ಚಾಯ್, ಚಾಯ್, ಚಾಯ್. ಇವತ್ತು ಏನು ವಿಶೇಷ ಅಂದೆ. ಅಕ್ಕ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ದಿನಕ್ಕೊಂದು ಹಾಳೆ ಹರಿಯುವಂಥದ್ದು. ದೊಡ್ಡದಾಗಿ ಇಂಗ್ಲಿಷ್ ತಾರೀಕು, ಕೆಳಗೆ ಮೂಲೆಯಲ್ಲಿ ಚಿಕ್ಕದಾಗಿ 15.

ರಾತ್ರಿ ಮನೆಗೆ ಬಂದು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದೆ. ಹುಣ್ಣಿಮೆ!

ಅವರಲ್ಲಿ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುತ್ತಾರೆ. ಇನ್ನೂ ನೇಮ ಜಾಸ್ತಿ ಇರುವವರು 14 ಮತ್ತು 30ನ್ನೂ ಸೇರಿಸಿಕೊಳ್ಳುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ. ನಮ್ಮನೆಯವರಿಗೆ ಹೇಳಿದರೆ, "ಒಂದು ಸಲ ಹೊಂದಿತು ಅಂತ ಥಿಯರಿ ಮಾಡಬೇಡ" ಅಂದರು. ಅವರದು ಡೇಟಾ ಕೆಲಸ.

ಅವರ ಮಾತು ನಿಜ ಆಗುವ ಹಾಗೇ ಇತ್ತು. ಮುಂದಿನ ಹುಣ್ಣಿಮೆಗೆ ಹೋದೆ, "ನಿನ್ನೆ, ನಿನ್ನೆ" ಅಂದರು. ಅಮಾವಾಸ್ಯೆಗೆ ಹೋದೆ, "ನಾಳೆ" ಅಂದರು. ಬುದ್ಧಿ ಜಾಸ್ತಿಯಾಗಿ ಏಕಾದಶಿಗೂ ಒಮ್ಮೆ ಹೋದೆ, ಯಾರಿಗೂ ಏನೂ ಗೊತ್ತಿಲ್ಲ. ಪೆಟ್ರೋಲು, ಸಮಯ, ಮನೆಯಲ್ಲಿ ನಗು. ಆಮೇಲೆ ಇಲ್ಲಿನ ದೇವಸ್ಥಾನ ಕೊಡುವ ಕ್ಯಾಲಿಫೋರ್ನಿಯಾ ಲೆಕ್ಕದ ಕ್ಯಾಲೆಂಡರ್ ಹಿಡಿದೆ. ಇಲ್ಲೇ ಇರುವವರಿಗೆ ಇಲ್ಲಿನ ತಿಥಿ ಅಲ್ವಾ ಅಂತ. ಅದು ಇನ್ನೂ ಕೆಟ್ಟಿತು.

ಎಡವಟ್ಟು ಎಲ್ಲಿತ್ತು ಅಂದರೆ, ನಾವು ತಿಥಿಯನ್ನು ಸೂರ್ಯೋದಯಕ್ಕೆ ಹಿಡಿಯುತ್ತೇವೆ. ಅವರಿಗೆ ಸೂರ್ಯ ಚಂದ್ರ ಕೂಡುವ ದಿನವೇ 1ನೇ ತಾರೀಕು, ಅದೂ ಹನೋಯ್ ಗಡಿಯಾರದಲ್ಲಿ. ಅಲ್ಲಿಂದ ಎಣಿಸಿ 15. ಸ್ಯಾನ್ ಹೋಸೆಯಲ್ಲಿದ್ದರೂ ಗೋಡೆ ಮೇಲಿನ ಕ್ಯಾಲೆಂಡರ್ ಅಲ್ಲಿನದೇ. ಹಾಗಾಗಿ ಮೈಸೂರಿನಿಂದ ಬಂದ ಪಂಚಾಂಗವೇ ಇಲ್ಲಿಯದಕ್ಕಿಂತ ಸರಿ. ಮೈಸೂರಿಗೂ ಹನೋಯ್‌ಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಇದನ್ನು ಹೇಳಿದಾಗ ಕೂಟದಲ್ಲಿ ಯಾರೂ ನಂಬಲಿಲ್ಲ. ಸನ್ನಿವೇಲ್‌ನಿಂದ 15 ಮೈಲಿ ದೂರದ ಅಂಗಡಿಗೆ ಹೋಗಲು ಮೈಸೂರು ಪಂಚಾಂಗ ಯಾಕೆ ಅಂತ. ನಾನು ಆರು ತಿಂಗಳು ಡೈರಿಯಲ್ಲಿ ಬರೆದಿಟ್ಟೆ. ಹತ್ತು ಸಲ ಹೋದೆ, ಎಂಟು ಸಲ ಸಿಕ್ಕಿತು. ನಮ್ಮನೆಯವರು ಡೈರಿ ನೋಡಿ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ಬಹಳ ದೊಡ್ಡ ಮಾತು.

ಈಗಿನ ನನ್ನ ಲೆಕ್ಕ ಹೀಗಿದೆ. ಅಮಾವಾಸ್ಯೆ ತಿಥಿ ಹಗಲಲ್ಲೇ ಮುಗಿಯುತ್ತಿದ್ದರೆ ಅದೇ ದಿನ. ಮಧ್ಯರಾತ್ರಿ ದಾಟಿ ಮುಗಿದರೆ ಮರುದಿನ. ಹುಣ್ಣಿಮೆಗಾದರೆ ಅದೇ ದಿನ ಇಲ್ಲವೇ ಒಂದು ದಿನ ಮುಂಚೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಇನ್ನೊಂದು ಚಿಕ್ಕ ಉಪಾಯ ಇದೆ. ಅದನ್ನು ಹೇಳುವುದಿಲ್ಲ. ಹೇಳಿದರೆ ಬೇ ಏರಿಯಾದ ಅರ್ಧ ಮೈಸೂರು ಅಲ್ಲಿ ಬಂದು ಕೂರುತ್ತದೆ, ಮಧ್ಯಾಹ್ನ ಒಂದಕ್ಕೆ ಹಂಡೆ ಖಾಲಿ. ಅಂಗಡಿಯ ಹೆಸರೂ ಅದಕ್ಕೇ ಹೇಳುತ್ತಿಲ್ಲ. ಅಧಿಕ ಮಾಸ ಅವರಿಗೂ ಇದೆ, ಆದರೆ ಅದೇ ತಿಂಗಳಿಗೆ ಬೀಳಬೇಕಿಲ್ಲ. 2023ರಲ್ಲಿ ಅವರದು ಎರಡನೇ ತಿಂಗಳಿಗೆ ಬಿತ್ತು, ನಮ್ಮದು ಶ್ರಾವಣಕ್ಕೆ. ಊಟಕ್ಕೆ ಇದರಿಂದ ತೊಂದರೆ ಇಲ್ಲ, ಹುಣ್ಣಿಮೆ ಹುಣ್ಣಿಮೆಯೇ.

ಲೆಕ್ಕ ಸರಿ ಇದ್ದೂ ಸೋತ ದಿನ 2025ರ ಜನವರಿ 29. ಮೈಸೂರು ಪಂಚಾಂಗದಲ್ಲಿ ಪುಷ್ಯ ಅಮಾವಾಸ್ಯೆ. ಇಲ್ಲಿಯ ಲೆಕ್ಕಕ್ಕಾದರೆ ಅಮಾವಾಸ್ಯೆ 28ಕ್ಕೇ ಬರುತ್ತದೆ. ನಾನು 29 ಅಂತ ಹಟ ಹಿಡಿದು, ಇಬ್ಬರು ಗೆಳತಿಯರನ್ನೂ ಹೊರಡಿಸಿಕೊಂಡು ಹೋದೆ. ದಿನ ಕರಾರುವಾಕ್ಕಾಗಿ ಸರಿ. ಎಷ್ಟು ಸರಿ ಅಂದರೆ ಅದು ಅವರ ಟೆಟ್, ಹೊಸ ವರ್ಷದ ಮೊದಲ ದಿನ. ಅಂಗಡಿಗೆ ಬೀಗ. ಬಾಗಿಲ ಮುಂದೆ ಪಟಾಕಿಯ ಕೆಂಪು ಕಾಗದದ ಚೂರು. ಮೂವರೂ ವಾಪಸ್ ಬಂದು ಮೊಸರನ್ನ ತಿಂದೆವು.

ಅತ್ತೆ ಬಂದಿದ್ದು 2023ರಲ್ಲಿ. ಹೊರಗಡೆ ನೀರೂ ಕುಡಿಯದವರು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅವರನ್ನು ಕರೆದುಕೊಂಡು ಹೋಗುತ್ತೇನೆ ಅಂದಾಗ ನಮ್ಮನೆಯವರು, "ಬೇಡ, ಆಮೇಲೆ ನನ್ನನ್ನ ಎಳೀಬೇಡ" ಅಂದರು. ಆದರೆ ಅವರಲ್ಲಿ ಕಟ್ಟುನಿಟ್ಟಿನ ಚಾಯ್ ಅಂದರೆ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಹೋದ ದಿನ ಆಗಸ್ಟ್ 30, ಅವರ ಏಳನೇ ತಿಂಗಳ 15. ತಂದೆ ತಾಯಿಯನ್ನು, ಹಿರಿಯರನ್ನು ನೆನೆಯುವ ವು ಲಾನ್ ಹಬ್ಬ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದ ಹುಣ್ಣಿಮೆ ಮರುದಿನ 31ಕ್ಕೆ. ಆ "ಒಂದು ದಿನ ಮುಂಚೆ"ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಡೈರಿಯಲ್ಲಿಲ್ಲ.

ಅಲ್ಲಿ ವಯಸ್ಸಿನಲ್ಲಿ ಸ್ವಲ್ಪ ದೊಡ್ಡ ಹೆಂಗಸನ್ನು ಅಕ್ಕ ಅಂತ ಕರೆಯಲು "ಚಿ ಓಯ್" ಅನ್ನುತ್ತಾರೆ. ಒಳಗೆ ಹೋಗುತ್ತಲೇ ನಾನು "ಚಿ ಓಯ್!" ಅಂದೆ. ಅತ್ತೆ ನನ್ನ ಸೆರಗು ಜಗ್ಗುವ ಹಾಗೆ ದುಪಟ್ಟಾ ಎಳೆದು, "ಪಾಪ, ಯಾಕೆ ಕಣೆ ಅವಳನ್ನ ಚೀ ಅಂತೀಯ?" ಅಂದರು. ಅರ್ಥ ಹೇಳಿದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ.

ಬಾಗಿಲ ಪಕ್ಕ ನೆಲದ ಮೇಲೆ ಪುಟ್ಟ ಕೆಂಪು ಗೂಡು. ಒಳಗೆ ಹೊಟ್ಟೆ ಬಿಟ್ಟುಕೊಂಡು ನಗುವ ಭೂಮಿದೇವರು, ಅವನ ಪಕ್ಕ ಸಂಪತ್ತಿನ ದೇವರು. ಊದುಬತ್ತಿ, ಕಿತ್ತಳೆ, ಒಂದು ಲೋಟ ಕಪ್ಪು ಕಾಫಿ. ಅತ್ತೆ ಬಗ್ಗಿ ನೋಡಿ, "ಕಾಫಿ ನೈವೇದ್ಯ ಮಾಡ್ತಾರಾ? ಒಳ್ಳೆ ಜನ" ಅಂದರು. ಅಲ್ಲಿಗೆ ಅರ್ಧ ಕೆಲಸ ಆಯಿತು. ಆಮೇಲೆ ಅವರ ಕಾಫಿಯನ್ನೂ ಕುಡಿದು ನೋಡಿದರು. ಲೋಟದ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ತೊಟ್ಟು ತೊಟ್ಟಾಗಿ ಇಳಿಸುತ್ತಾರೆ, ಕೆಳಗೆ ಕಂಡೆನ್ಸ್ಡ್ ಮಿಲ್ಕ್. "ಡಿಕಾಕ್ಷನ್ ಪರವಾಗಿಲ್ಲ, ಹಾಲಿನ ಬದಲು ಪಾಯಸ ಹಾಕಿದಾರೆ" ಅಂತ ತೀರ್ಪು.

ಅವತ್ತು ಕೆಲವರ ಅಂಗಿಗೆ ಗುಲಾಬಿ. ತಾಯಿ ಇರುವವರಿಗೆ ಕೆಂಪು, ಇಲ್ಲದವರಿಗೆ ಬಿಳಿ. ಅಕ್ಕನದು ಬಿಳಿ. ಅತ್ತೆಗೆ ಇದನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ, ಭಾಷೆ ಬಾರದಿದ್ದರೂ ಅಕ್ಕನ ಕೈ ಹಿಡಿದು ಬಂದರು. ಆಮೇಲೆ ಬಟ್ಟಲು ಪೂರ್ತಿ ಖಾಲಿ ಮಾಡಿದರು.

ತಿನ್ನುವ ವಿಷಯದಲ್ಲಿ ಎರಡೇ ಮಾತು. ಸೊಪ್ಪಿನ ತಟ್ಟೆ ಬಂದ ತಕ್ಷಣ ಎಲ್ಲ ಸುರಿಯಬೇಡಿ. ಹೆಸರುಕಾಳಿನ ಮೊಳಕೆ ಮೊದಲು, ಸಾರು ಸುಡುತ್ತಿರುವಾಗಲೇ. ಕಾಮಕಸ್ತೂರಿ ಜಾತಿಯ ಆ ಎಲೆಯನ್ನೂ, ಅಂಚಿನಲ್ಲಿ ಗರಗಸದ ಹಲ್ಲಿರುವ ಕೊತ್ತಂಬರಿ ವಾಸನೆಯ ಉದ್ದ ಎಲೆಯನ್ನೂ ಚೂರು ಚೂರೇ ಹರಿದು ಹಾಕುತ್ತಾ ಹೋಗಬೇಕು. ಬಾನ್ ಮಿ ಆದರೆ "ಬೀ ಚಾಯ್" ಅಂತ ಕೇಳಿ. ತೋಫು, ಗಾಜಿನಂಥ ಶ್ಯಾವಿಗೆ ಎಲ್ಲ ಎಳೆ ಎಳೆಯಾಗಿ, ಮೇಲೆ ಹುರಿದ ಅಕ್ಕಿಯ ಪುಡಿ. ಮೂಗಿಗೆ ಹಿಡಿದರೆ ಥೇಟ್ ತಂಬಿಟ್ಟು. ಬಿಳಿ ಬೆಣ್ಣೆಯಂಥದ್ದು ಹಾಕಲು ಬಂದರೆ ಬೇಡ ಅನ್ನಿ, ಅದರಲ್ಲಿ ಮೊಟ್ಟೆ ಇರುತ್ತದೆ. ನಾನು ಶುರುಮಾಡಿದಾಗ 3 ಡಾಲರಿಗೆ ಸಿಗುತ್ತಿತ್ತು, ಈಗ 6, 7. ಫೋ 15ರ ಆಸುಪಾಸು. ನಗದು ಇಟ್ಟುಕೊಂಡು ಹೋಗಿ.

ತಿಂಗಳಿಗೆ ಎರಡೇ ಸಲ ಸಾಕಾಗದೆ ಮನೆಯಲ್ಲೂ ಮಾಡಲು ಹೊರಟೆ. ಮೊದಲ ಸಲ ಚಕ್ರಮೊಗ್ಗು ಆರು, ಚಕ್ಕೆ ಕೈತುಂಬ. ಬಂದದ್ದು ಪಲಾವಿನ ನೀರು. ಎರಡನೇ ಸಲ ಗಟ್ಟಿ ಬರಲಿ ಅಂತ ಬೇಳೆ ಕಟ್ಟು ಸೇರಿಸಿದೆ. ಮಗಳು ಅನ್ನ ಕಲಸಿಕೊಂಡು ತಿಂದಳು, ತಿಳಿಸಾರು ಅಂದುಕೊಂಡು. ಎಲೆಕೋಸು ಹಾಕಿದ ದಿನದ ವಾಸನೆ ಬಗ್ಗೆ ಬರೆಯದಿರುವುದೇ ಒಳ್ಳೆಯದು. ಈಗ ಐದು ಲೀಟರ್ ನೀರಿಗೆ ಒಂದು ದೊಡ್ಡ ಮೂಲಂಗಿ, ಎರಡು ಕ್ಯಾರೆಟ್, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಮೂರು, ಒಂದು ಸೇಬು, ಹಿಡಿಯಷ್ಟು ಒಣ ಶಿಟಾಕೆ ಅಣಬೆ. ಶುಂಠಿಯನ್ನು ಬದನೆಕಾಯಿ ಸುಡುವ ಹಾಗೆ ನೇರ ಉರಿಯಲ್ಲಿ ಸುಟ್ಟು ಹಾಕಬೇಕು, ಹೊಗೆಯ ಅಲಾರಂ ಬಡಿದುಕೊಳ್ಳಲಿ. ಚಕ್ರಮೊಗ್ಗು ಎರಡೇ, ಅದೂ ಕೊನೆಯ ಅರ್ಧ ಗಂಟೆಗೆ, ಬಟ್ಟೆಯಲ್ಲಿ ಕಟ್ಟಿ. ಸ್ವಲ್ಪ ಕಲ್ಲುಸಕ್ಕರೆ. ಕುಕ್ಕರ್ ಬೇಡ, ಕದಡುತ್ತದೆ. ಫಿಶ್ ಸಾಸ್ ಜಾಗಕ್ಕೆ ನಾನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆರು ಬಟ್ಟಲಿಗೆ 14 ಡಾಲರ್ ಬಿದ್ದ ನೆನಪು.

ಶ್ಯಾವಿಗೆ ಒರಳಿನಲ್ಲಿ ಒತ್ತಿದ್ದನ್ನೇ ಹಾಕಿದರೆ ಏನು ಅಂತಲೂ ನೋಡಿದೆ. ಎರಡು ನಿಮಿಷದಲ್ಲಿ ಗಂಜಿ. ನಮ್ಮ ಒತ್ತು ಶ್ಯಾವಿಗೆಗೆ ಹತ್ತಿರದ್ದು ಅವರ ಬುನ್, ಅದೂ ಅಕ್ಕಿ ಹಿಟ್ಟು ಒತ್ತಿ ಮಾಡಿದ್ದೇ. ಫೋ ಪಟ್ಟಿಯನ್ನು ಬಿಗಿದ ಬಟ್ಟೆ ಮೇಲೆ ಹಿಟ್ಟು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಕತ್ತರಿಸುತ್ತಾರೆ. ಕಡೆಗೆ ಅವರ ಮಾರುಕಟ್ಟೆಯ ತಾಜಾ ಪಟ್ಟಿ ತಂದು, ಕುದಿವ ನೀರಲ್ಲಿ ಹತ್ತೆಣಿಸುವಷ್ಟು ಅದ್ದಿ ತೆಗೆದರೆ ಆಯಿತು.

ಬ್ರೆಡ್ ಮಾತ್ರ ಇನ್ನೂ ಬಂದಿಲ್ಲ. ಒತ್ತಿದರೆ ಹಪ್ಪಳ ಮುರಿದ ಸದ್ದು ಬರಬೇಕು, ಒಳಗೆ ಹತ್ತಿಯಂತಿರಬೇಕು. ನಾಲ್ಕು ಸಲ ಮಾಡಿದೆ. ಓವನ್ನಿನ ತಳಕ್ಕೆ ಐಸ್ ಹಾಕಿದೆ, ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಿಟ್ಟಿಗೆ ಸೇರಿಸಿದೆ. ಕೊನೆಯದರಲ್ಲಿ ಹಲ್ಲಿನ ಸಿಮೆಂಟು ಕಿತ್ತುಬಂತು, ದಂತವೈದ್ಯರಿಗೆ ಕೊಟ್ಟದ್ದು 180 ಡಾಲರ್. ಈಗ ಅಂಗಡಿಯಲ್ಲೇ ಬಿಸಿಬಿಸಿ ಮೂರು ಬ್ರೆಡ್ ಕೊಂಡು, ಕಾರಿನಲ್ಲಿ ಒಂದನ್ನು ಮುರಿದು ತಿನ್ನುತ್ತಾ ಬರುತ್ತೇನೆ.