ರೇಡಿಯೋ ಕೋಣೆಯಲ್ಲಿ ಬರೆದುಕೊಂಡ ಕನ್ನಡದ ತಂತಿಗಳು

ಮುಂಬೈ ಬಂದರಿನಿಂದ ಹೊರಡುತ್ತಿದ್ದ ಸರಕು ಹಡಗುಗಳಲ್ಲಿ ನಾನು ರೇಡಿಯೋ ಅಧಿಕಾರಿಯಾಗಿದ್ದೆ. ನಿಸ್ತಂತು ಮೂಲಕ ಬರುವ ತಂತಿಗೆ ದಾಖಲೆಯಲ್ಲಿ ರೇಡಿಯೋ ಟೆಲಿಗ್ರಾಂ ಎಂದಿದ್ದರೂ ಹಳಬರ ಬಾಯಲ್ಲಿ ಅದು ಮಾರ್ಕೋನಿಗ್ರಾಂ ಆಗಿಯೇ ಉಳಿದಿತ್ತು. ಕಾರವಾರ, ಕುಂದಾಪುರದ ಕಡೆಯ ನಾವಿಕರಿಗೆ ಮನೆಯಿಂದ ಬರುವ ಸಂದೇಶಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವಾಗಿರುತ್ತಿದ್ದವು.

‘ವಿಡಬ್ಲ್ಯುಬಿ’ ಎಂಬ ಕರೆಸಂಕೇತದ ಕರಾವಳಿ ಕೇಂದ್ರವಾದ ಬಾಂಬೆ ರೇಡಿಯೋ, ಯಾವ ಯಾವ ಹಡಗಿಗೆ ತಂತಿ ಬಂದಿದೆಯೆಂಬ ಪಟ್ಟಿಯನ್ನು ಗೊತ್ತಾದ ಹೊತ್ತಿಗೆ ಪ್ರಸಾರ ಮಾಡುತ್ತಿತ್ತು. ಅದರಲ್ಲಿ ನಮ್ಮ ಹಡಗಿನ ಸಂಕೇತ ಕೇಳಿಸಿದರೆ, 500 ಕಿಲೋಹರ್ಟ್ಸ್‌ನಲ್ಲಿ ಕರೆ ಕೊಟ್ಟು, ಬೇರೆ ತರಂಗಕ್ಕೆ ಸರಿದು ಸಂದೇಶವನ್ನು ಬರೆದುಕೊಳ್ಳಬೇಕಿತ್ತು. ಪ್ರತಿ ಗಂಟೆಯ 15ರಿಂದ 18ನೇ ನಿಮಿಷ ಮತ್ತು 45ರಿಂದ 48ನೇ ನಿಮಿಷದವರೆಗೆ, ಆಪತ್ತಿನ ಕರೆಗಾಗಿ ಆ 500ರಲ್ಲಿ ಎಲ್ಲರೂ ಮೌನವಾಗಿರಬೇಕಿತ್ತು. ಗೋಡೆ ಗಡಿಯಾರದಲ್ಲಿ ಆ ಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಿತ್ತು.

ಕನ್ನಡದ ಒತ್ತಕ್ಷರಗಳು ಚುಕ್ಕಿ-ಗೆರೆಗಳ ಸಂಕೇತವಾದ ಮೋರ್ಸ್‌ನಲ್ಲಿ ವಿಶೇಷ ಎಚ್ಚರ ಬೇಡುತ್ತವೆ. ‘ಎನ್’ ಅಕ್ಷರಕ್ಕೆ ಒಂದು ಗೆರೆ, ಒಂದು ಚುಕ್ಕಿ. ‘ಅಣ್ಣ’ ಎಂಬಲ್ಲಿನ ಎರಡು ‘ಎನ್’ಗಳ ನಡುವೆ ಸರಿಯಾದ ಬಿಡುವು ಇಲ್ಲದಿದ್ದರೆ ಅವು ಕೂಡಿ ‘ಸಿ’ ಆಗುತ್ತವೆ. ‘ಟಿ’ ಎಂದರೆ ಒಂದೇ ಗೆರೆ. ‘ಗಂಡು ಮಗು ಹುಟ್ಟಿದೆ’ ಎಂಬುದರಲ್ಲಿ ಎರಡು ‘ಟಿ’ ಅಂಟಿಕೊಂಡರೆ ‘ಎಂ’ ಆಗಿ, ‘ಹುಮಿದೆ’ ಎಂದು ಬರುತ್ತದೆ. ಕನ್ನಡ ತಿಳಿಯದ ಆಪರೇಟರ್‌ಗೆ ಅದು ತಪ್ಪೆಂದು ಅನುಮಾನ ಬರುವುದಕ್ಕೂ ಕಾರಣವಿಲ್ಲ. ಆದ್ದರಿಂದ ಕನ್ನಡದ ತಂತಿ ಕಳಿಸುವಾಗ ಜೋಡಿ ಅಕ್ಷರಗಳ ನಡುವಿನ ಬಿಡುವನ್ನು ನಾನು ಬೇಕೆಂದೇ ತುಸು ಹಿಗ್ಗಿಸುತ್ತಿದ್ದೆ.

ತಂತಿಯ ತಲೆಬರಹದಲ್ಲಿ ಪದಗಳ ಸಂಖ್ಯೆ ಇರುತ್ತಿತ್ತು. ಬರೆದುಕೊಂಡದ್ದನ್ನು ಎಣಿಸಿ ನೋಡಿ, ಹೊಂದದಿದ್ದರೆ ‘ಕ್ಯೂಟಿಬಿ’ (ಎಣಿಕೆ ಒಪ್ಪುತ್ತಿಲ್ಲ) ಎಂದು ತಿಳಿಸಿ, ಪ್ರತಿ ಪದದ ಮೊದಲಕ್ಷರವನ್ನು ಇಬ್ಬರೂ ಮತ್ತೊಮ್ಮೆ ತಾಳೆ ನೋಡುತ್ತಿದ್ದೆವು. ಆದರೆ ಎಣಿಕೆ ಸರಿಯಾದ ಮಾತ್ರಕ್ಕೆ ಸಂದೇಶ ಸರಿಯೆನ್ನಲಾಗದು. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಮೇಲೆ ಸಿಡಿಲಿನ ಗದ್ದಲ ಏರಿದಾಗ ‘ತಾಯಿ ಹುಷಾರ’ ಎಂಬಷ್ಟು ಕೇಳಿಸಿ ಉಳಿದದ್ದು ಮುಳುಗಿಹೋಗುವುದುಂಟು. ಅದು ‘ಹುಷಾರಾಗಿದ್ದಾರೆ’ ಆಗಿರಬಹುದು, ‘ಹುಷಾರಿಲ್ಲ’ವೂ ಆಗಿರಬಹುದು, ಎರಡೂ ಒಂದೊಂದೇ ಪದ. ಇಂಥ ಕಡೆ ಭಾಷೆ ಬಲ್ಲವನಿಗೇ ಊಹಿಸಿ ತುಂಬುವ ಆಸೆ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು. ‘ತಾಯಿ’ಯ ನಂತರದ ಪದವನ್ನು ಮತ್ತೆ ಹೇಳಿ ಎಂದು ಕೇಳಿ, ಬಂದದ್ದು ಇನ್ನೂ ಅಸ್ಪಷ್ಟವಾಗಿದ್ದರೆ ಪುನಃ ಕೇಳಿ, ಅಕ್ಷರ ಅಕ್ಷರವೂ ಖಚಿತವಾದ ಮೇಲೆಯೇ ‘ಕ್ಯೂಎಸ್ಎಲ್’ ಎಂದು ರಸೀದಿ ಕೊಡುತ್ತಿದ್ದೆ. ಎಷ್ಟು ಹೊತ್ತಾದರೂ ಸರಿ, ಊಹೆಯ ಪದವಿರುವ ಕಾಗದವನ್ನು ನಾನು ಯಾರ ಕೈಗೂ ಕೊಡಲು ಒಪ್ಪುತ್ತಿರಲಿಲ್ಲ.

ಬರೆದ ಕಾಗದವನ್ನು ಮಡಿಸಿ, ಯಾರ ಹೆಸರಿಗೆ ಬಂದಿದೆಯೋ ಅವರಿಗೇ ತಲುಪಿಸುವುದು ನನ್ನ ಕೆಲಸವಾಗಿತ್ತು. ಒಳಗಿನ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ.

1999ರ ಫೆಬ್ರವರಿ 1ರಂದು ಜಿಎಂಡಿಎಸ್ಎಸ್ ಎಂಬ ಜಾಗತಿಕ ಸಾಗರ ಆಪತ್ತು-ಸುರಕ್ಷತಾ ಸಂಪರ್ಕ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು, ಹಡಗುಗಳು 500ರಲ್ಲಿ ಕಿವಿಗೊಟ್ಟು ಕೂರುವ ಕಡ್ಡಾಯ ತಪ್ಪಿತು. ಹ್ಯಾಮ್ (ಹವ್ಯಾಸಿ) ರೇಡಿಯೋ ಕಲಿಯಲು ಈಗ ಡೊಂಬಿವಲಿಯ ನಮ್ಮ ಮನೆಗೆ ಬರುವ ಕನ್ನಡದ ಹುಡುಗರಿಗೆ ನಾನು ಮೊದಲು ಅರ್ಥವಿಲ್ಲದ ಐದೈದು ಅಕ್ಷರಗಳ ಗುಂಪುಗಳನ್ನೇ ಬರೆಸುತ್ತೇನೆ. ಅದು ತಪ್ಪಿಲ್ಲದೆ ಬಂದ ಮೇಲೆ ಕನ್ನಡದ ವಾಕ್ಯಗಳನ್ನು ಕೊಡುತ್ತೇನೆ.