ಹಳ್ಳಿ ದಾರಿಗೆ ಬೈಕ್ ಇಳಿಸುವ ಮುನ್ನ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮಂಡ್ಯ ಸೀಮೆ ಕಾಣಬೇಕೆನ್ನುವವರು ಹೆದ್ದಾರಿ ಬಿಟ್ಟು ಇಳಿಯಲೇಬೇಕು. ಪಶು ವೈದ್ಯಕೀಯ ಪರೀಕ್ಷಕನಾಗಿ ಊರೂರು ಸುತ್ತಿದವನು ನಾನು. ನಮ್ಮ ಕಡೆ ರಸ್ತೆಯ ಮೇಲೆಯೇ ಒಕ್ಕಣೆ ನಡೆಯುತ್ತದೆ, ಅಂಚಿನಲ್ಲೇ ದನ ಮೇಯುತ್ತವೆ. ಆದ್ದರಿಂದ ಯಾವ ದಾರಿ ಎಂದು ಕೇಳುವ ಮೊದಲು ಇದು ಯಾವ ತಿಂಗಳು ಎಂದು ಯೋಚಿಸಿ.

ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಬಯಲಿನ ತುಂಬ ನಾಟಿ. ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಕೆಸರಿನ ಎರಡು ಪಟ್ಟೆ ಎಳೆದು ಹೋಗಿರುತ್ತದೆ. ಸೋನೆ ಮಳೆ ಬಿದ್ದರೆ ಅದು ಎಣ್ಣೆಯಂತೆ ಜಾರುತ್ತದೆ. ಅಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ.

ಮಾಗಿಯಲ್ಲಿ ರಾಗಿ, ಹುರುಳಿ ರಸ್ತೆಗೆ ಬರುತ್ತವೆ. ವಾಹನಗಳ ಚಕ್ರಕ್ಕೆ ಕಾಳು ಉದುರಲಿ ಎಂದು ಬೆಳೆಯನ್ನು ಉದ್ದಕ್ಕೂ ಹರಡಿರುತ್ತಾರೆ. ಕಣಗಳು ಕಡಿಮೆಯಾಗಿವೆ, ಆಳುಗಳು ಸಿಗುವುದಿಲ್ಲ. ರೈತರ ಮೇಲೆ ಸಿಡುಕಬೇಡಿ. ದೂರದಿಂದಲೇ ವೇಗ ಇಳಿಸಿ, ಎರಡನೇ ಗೇರಿಗೆ ಬಂದು, ಹ್ಯಾಂಡಲ್ ನೇರವಾಗಿ ಹಿಡಿದು ಸಾಗಿ. ಹುಲ್ಲಿನ ಮೇಲೆ ತಿರುಗಿಸುವುದೂ ಬೇಡ, ಬ್ರೇಕ್ ಒತ್ತುವುದೂ ಬೇಡ. ಹುರುಳಿ ಬಳ್ಳಿ ರಾಗಿ ಹುಲ್ಲಿಗಿಂತ ಕೆಟ್ಟದ್ದು. ಚೈನಿಗೂ ಹಿಂದಿನ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ. ದಾಟಿದ ಮೇಲೆ ಎಂಜಿನ್ ಆರಿಸಿ, ಬಳ್ಳಿ ಬಿಡಿಸಿ, ಸೈಲೆನ್ಸರಿಗೆ ಹುಲ್ಲು ಅಂಟಿದೆಯೇ ನೋಡಿ. ಕಾದ ಸೈಲೆನ್ಸರ್ ಇರುವ ಬೈಕನ್ನು ಒಣಹುಲ್ಲಿನ ಮೇಲೆ ನಿಲ್ಲಿಸಲೇಬಾರದು. ಒಂದು ಮನೆಯ ವರ್ಷದ ಫಸಲು ಅಲ್ಲಿ ಬಿದ್ದಿರುತ್ತದೆ.

ದನಗಳ ವಿಷಯ ನಾನು ಒತ್ತಿ ಹೇಳಬೇಕು. ಹಸು ರಸ್ತೆ ದಾಟುತ್ತಿದ್ದರೆ ಅದರ ಬೆನ್ನ ಹಿಂದಿನಿಂದ ಹೋಗಿ, ಮುಖದ ಮುಂದಿನಿಂದ ನುಗ್ಗಬೇಡಿ. ತಾಯಿ ಒಂದು ಬದಿ, ಕರು ಇನ್ನೊಂದು ಬದಿ ಕಂಡರೆ ನಿಂತುಬಿಡಿ. ಕರು ಯಾವ ಕ್ಷಣದಲ್ಲಾದರೂ ಓಡಿ ಬರಬಹುದು. ರಸ್ತೆಯಂಚಿನಲ್ಲಿ ಒಂಟಿಯಾಗಿ ಮೇಯುವ ಹಸು ಕಂಡರೆ ಮೊದಲು ಗೂಟ ಎಲ್ಲಿದೆ ಎಂದು ಹುಡುಕಿ. ಗೂಟ ಆಚೆ ಬದಿ ಇದ್ದರೆ ಹಗ್ಗ ರಸ್ತೆಗೆ ಅಡ್ಡ ಇರುತ್ತದೆ, ಹಸು ತಲೆ ಎತ್ತಿದರೆ ಅದು ಬಿಗಿಯಾಗುತ್ತದೆ. ಹಾರ್ನ್ ಬೇಡ, ದನ ಬೆದರುತ್ತದೆ. ಕುರಿಮಂದೆ ಎದುರಾದರೆ ಎಂಜಿನ್ ಆರಿಸಿ ಕಾಯಿರಿ.

ವಿಶ್ವೇಶ್ವರಯ್ಯ ನಾಲೆಯ ಏರಿ ದಾರಿ ಬಲು ಚೆಂದ; ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಮೊಬೈಲ್ ನಕ್ಷೆ ಹತ್ತಿರದ ದಾರಿಯೆಂದು ಏರಿಯ ಮೇಲೆ ಕಳಿಸಿದರೆ, ಹಗಲಾದರೆ ಮಾತ್ರ ಹೋಗಿ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಅಗಲವಿರುವ ಕಡೆ ಮೊದಲೇ ನಿಂತು ಅದಕ್ಕೆ ದಾರಿ ಕೊಡಿ.

ದಾರಿ ಕೇಳುವಾಗ ಕೊನೆಯ ಊರಿನ ಹೆಸರು ಹೇಳಬೇಡಿ, ಮುಂದಿನ ಊರನ್ನು ಕೇಳಿ. ಹೊಸಹಳ್ಳಿ, ಕೊಪ್ಪಲುಗಳು ಎಲ್ಲೆಲ್ಲೂ ಇವೆ, ಹೋಬಳಿಯನ್ನೂ ಸೇರಿಸಿ ಕೇಳಿ. "ಅಣ್ಣಾ, ಆ ಊರಿಗೆ ಬಸ್ ಹೋಗುತ್ತದೆಯೇ?" ಎಂಬ ಒಂದು ಪ್ರಶ್ನೆಯಿಂದಲೇ ರಸ್ತೆಯ ಸ್ಥಿತಿ ತಿಳಿಯುತ್ತದೆ.

ನೂರು ಸಿಸಿಯ ಬೈಕ್ ಸಾಕು. ಅದರ ಕೇಬಲ್, ಟ್ಯೂಬ್ ಹೋಬಳಿ ಕೇಂದ್ರದಲ್ಲೇ ಸಿಗುತ್ತವೆ.

ಮೊದಲ ಬಾರಿಗೆ ಹೊರಡುವವರಿಗೆ ನಾನು ಹೇಳುವ ದಾರಿ ಇದು: ಮಂಡ್ಯದಿಂದ ಬಸರಾಳು, ಅಲ್ಲಿಂದ ನಾಗಮಂಗಲ, ಜಕ್ಕನಹಳ್ಳಿ, ಮೇಲುಕೋಟೆ, ಬರುವಾಗ ತೊಣ್ಣೂರು ಕೆರೆ ನೋಡಿಕೊಂಡು ಪಾಂಡವಪುರ. ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಹೊರಡಿ. ಅದಕ್ಕೂ ಮುನ್ನ ಕ್ಯಾನು ಕಟ್ಟಿಕೊಂಡ ಬೈಕುಗಳದ್ದೇ ಅವಸರ. ಬಸರಾಳಿನಲ್ಲಿ 1234ರ ಹೊಯ್ಸಳ ಮಲ್ಲಿಕಾರ್ಜುನ ಗುಡಿಯ ಹೊರಗೋಡೆಯನ್ನು ನಿಧಾನವಾಗಿ ಒಂದು ಸುತ್ತು ನೋಡಿ. ಮೇಲುಕೋಟೆಯಲ್ಲಿ ಪುಳಿಯೋಗರೆ ತಿನ್ನಿ. ಸಂಜೆ ಐದಕ್ಕೆಲ್ಲ ಪಾಂಡವಪುರ ದಾಟಿರಬೇಕು. ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಸ್ತೆಯಲ್ಲಿರುತ್ತವೆ, ಕಬ್ಬಿನ ತುದಿಗಳು ಹೊರಚಾಚಿರುತ್ತವೆ. ಅಕಸ್ಮಾತ್ ಕತ್ತಲಾದರೆ ಮಂಡ್ಯದ ಕಡೆ ಹೋಗುವ ಬಸ್ಸಿನ ಹಿಂದೆ, ಸಾಕಷ್ಟು ಅಂತರ ಬಿಟ್ಟು ಬನ್ನಿ.